ಸೈನೈಡ್ ದಿಬ್ಬದ ಬುಡದಲ್ಲಿ ಕೃಷಿ ಹೊಂಡ ತೋಡಬಹುದೇ? (ರೈತರ ಸಂದೇಶ ಗುಂಪೊಂದರ ಮಾತುಕತೆ)

ಕೆಜಿಎಫ್ ಸಮೀಪದ ರೈತ: ಮೇಡಂ, ನಮ್ಮ ಎರಡು ಎಕರೆ ಸೈನೈಡ್ ದಿಬ್ಬದ, ಅಂದರೆ ಹಳೆಯ ಚಿನ್ನದ ಗಣಿಯ ತ್ಯಾಜ್ಯದ ಗುಡ್ಡದ, ಕೆಳಗಿದೆ. ಮೂಲೆಯ ಹಳೆಯ ಗುಂಡಿಯಲ್ಲಿ ಮಳೆ ನೀರು ದೀಪಾವಳಿ ಕಳೆದರೂ ಇಂಗುವುದಿಲ್ಲ. ಅದನ್ನೇ 20 ಮೀಟರ್ ಉದ್ದಗಲ, 3 ಮೀಟರ್ ಆಳಕ್ಕೆ ಅಗೆದು, ಅದೇ ಮಣ್ಣಿನಿಂದ ಏರಿ ಹಾಕಿ ಟೊಮೇಟೊಗೆ ನೀರು ಕೊಡಬಹುದೇ?

ಭೂಜಲ ತಜ್ಞೆ: ಈಗ ಅಗೆಯಬೇಡಿ ಅಣ್ಣ. ನೀರು ಇಂಗದ ಮಾತ್ರಕ್ಕೆ ಜಾಗ ಒಳ್ಳೆಯದೆಂದಲ್ಲ. ದಿಬ್ಬದಿಂದ ಕೊಚ್ಚಿ ಬಂದ ನುಣ್ಣನೆಯ ಪುಡಿ ತಳದಲ್ಲಿ ಕೂತಿರಬಹುದು. 2001ರಲ್ಲಿ ಗಣಿ ಮುಚ್ಚಿತು, ಅದಿರಿನಿಂದ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಆ ಪುಡಿ ಹೊರಗೇ ಉಳಿಯಿತು. ಹೆಸರು ಕೇಳಿ ಎಲ್ಲರೂ ಸೈನೈಡಿಗೆ ಹೆದರುತ್ತಾರೆ. ಅದು ಬಿಸಿಲು, ಗಾಳಿಗೆ ವರ್ಷಗಳಲ್ಲಿ ಬಹುಮಟ್ಟಿಗೆ ಒಡೆದುಹೋಗುತ್ತದೆ. ನನ್ನ ಚಿಂತೆ ಅದಿರಿನಲ್ಲೇ ಇರಬಹುದಾದ ಆರ್ಸೆನಿಕ್ ಎಂಬ ವಿಷ ಧಾತು. ಅದು ಎಂದಿಗೂ ಒಡೆಯುವುದಿಲ್ಲ. ಅದಿರಿನಲ್ಲಿ ಗಂಧಕದ ಖನಿಜಗಳಿದ್ದರೆ ಗಾಳಿ, ನೀರು ತಾಗಿ ಗಂಧಕಾಮ್ಲವಾಗುತ್ತದೆ, ಆ ಆಮ್ಲ ಲೋಹಗಳನ್ನು ಕರಗಿಸುತ್ತದೆ. ಅಗೆದರೆ ಒಳಗೆ ಹುದುಗಿರುವ ಪುಡಿಗೆ ನೀವೇ ಗಾಳಿ ಹಾಯಿಸುತ್ತೀರಿ. ಅದರಲ್ಲಿ ಜೇಡಿಯ ಹಿಡಿತವಿಲ್ಲದ ಕಾರಣ ಏರಿಯೂ ಜೋರು ಮಳೆಗೆ ಕೊರೆದು ಹೋಗುತ್ತದೆ.

ಇನ್ನು ನೆಲದಡಿಯ ವಿಷಯ. ಕೆಜಿಎಫ್ ಸುರಂಗಗಳು ಮೂರು ಕಿಲೋಮೀಟರ್ ದಾಟಿದ್ದವು, ಆದರೆ ನಿಮ್ಮ ಹೊಂಡಕ್ಕೆ ಅಪಾಯ ಮೇಲ್ಪದರದ ಹಳೆಯ ಅಗೆತಗಳಿಂದ. 3 ಮೀಟರ್ ನೀರು ಎಂದರೆ ಪ್ರತಿ ಚದರ ಮೀಟರಿಗೆ 3 ಟನ್ ಭಾರ, ಕೆಳಗೆ ಟೊಳ್ಳಿದ್ದರೆ ನೆಲ ಕುಸಿಯಬಹುದು. ಗುಂಡಿಯ ಸುತ್ತ ಬಿರುಕಿದೆಯೇ? ವರ್ಷ ವರ್ಷ ಅಗಲವಾಗುತ್ತಿದೆಯೇ? ಗಣಿ ನಕ್ಷೆ ನೋಡದೆ ಅಲ್ಲಿ ನೀರು ನಿಲ್ಲಿಸಬಾರದು.

ದಿಬ್ಬದ ನೀರು ಹರಿದು ಬಾರದ ಕಡೆ ಬೇರೆ ಜಾಗ ಹುಡುಕಿ, ಮೇಲ್ಗಡೆ ತಿರುವು ಕಾಲುವೆ ತೆಗೆಯಿರಿ. ಗೋಡೆಯ ಇಳಿಜಾರು ಒಂದಕ್ಕೆ ಒಂದೂವರೆ (ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಅಡ್ಡ) ಇಟ್ಟರೆ ನಿಮ್ಮ ಅಳತೆಗೆ ಸುಮಾರು 7.4 ಲಕ್ಷ ಲೀಟರ್ ಹಿಡಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ 2,400 ಲೀಟರ್ ಹೋಯಿತು.

ಮುಳಬಾಗಿಲು ಸದಸ್ಯ: ನೀರು ಇಂಗದಂತೆ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಎಷ್ಟು ಮೈಕ್ರಾನ್ ದಪ್ಪ ಇರಬೇಕು?

ಭೂಜಲ ತಜ್ಞೆ: 500.

ಮಾಲೂರು ಸದಸ್ಯ: ನನಗೆ ಬಂದ ಸಂದೇಶ ಹಂಚುತ್ತಿದ್ದೇನೆ: “ನುಗ್ಗೆ ಬೀಜದ ಪುಡಿ, ಸುಣ್ಣ ಹಾಕಿ ಮೂರು ದಿನ ಬಿಟ್ಟರೆ ಗಣಿ ನೀರಿನ ಸಕಲ ವಿಷ ನಾಶ. ಮೀನು ಬದುಕಿದರೆ ನೀರು ಶುದ್ಧ.”

ಭೂಜಲ ತಜ್ಞೆ: ದಯವಿಟ್ಟು ಇದನ್ನು ಮುಂದೆ ಕಳುಹಿಸಬೇಡಿ. ನುಗ್ಗೆ ಬೀಜ ಕದಡನ್ನು ತಳಕ್ಕಿಳಿಸುತ್ತದೆ, ಅಷ್ಟೇ. ಸುಣ್ಣ ಆಮ್ಲವನ್ನು ತಗ್ಗಿಸಿದರೂ ಲೋಹಗಳು ಕೆಸರಿನಲ್ಲೇ ಇರುತ್ತವೆ. ತಿಳಿಯಾದ ನೀರಿನಲ್ಲೂ ಆರ್ಸೆನಿಕ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಮೀನು ಪ್ರಯೋಗಾಲಯವಲ್ಲ.

ಮಾಲೂರು ಸದಸ್ಯ: ನಮ್ಮ ತಾತ ಅಲ್ಲೇ ಕೆಲಸ ಮಾಡಿ ಅಲ್ಲಿನ ನೀರೇ ಕುಡಿದವರು. ಎಂಬತ್ತು ದಾಟಿದರು.

ರಾಬರ್ಟ್‌ಸನ್‌ಪೇಟೆ ಸದಸ್ಯ: ಯಾವ ನೀರು ಸ್ವಾಮಿ? ಗಣಿ ಊರಿಗೆ ಬೇತಮಂಗಲ ಕೆರೆಯಿಂದ ನೀರು ಬರುತ್ತಿತ್ತು. ದಿಬ್ಬದ ನೀರನ್ನು ಯಾರೂ ಕುಡಿಯಲಿಲ್ಲ. ಧೂಳು ಮಾತ್ರ ಎಲ್ಲರೂ ಕುಡಿದೆವು.

ಮಾಲೂರು ಸದಸ್ಯ: ನಿಮ್ಮಂತಹವರು ಹೆದರಿಸಿಯೇ ಆ ಕಡೆ ಜಮೀನಿಗೆ ಬೆಲೆ ಇಲ್ಲದಂತಾಯಿತು.

ರಾಬರ್ಟ್‌ಸನ್‌ಪೇಟೆ ಸದಸ್ಯ: ಬೆಲೆಯ ಮಾತು ದಲ್ಲಾಳಿಗಳ ಗುಂಪಿನಲ್ಲಿ ಆಡಿ.

ಚಿಂತಾಮಣಿ ಸದಸ್ಯೆ: ಇಬ್ಬರೂ ನಿಲ್ಲಿಸಿ. ಮೇಡಂ, ಹೊಂಡಕ್ಕೆ ಸಹಾಯಧನ ಈ ವರ್ಷ ಇದೆಯೇ?

ಚಿಕ್ಕಬಳ್ಳಾಪುರ ಸದಸ್ಯ: ಬಿಟ್ಟುಹೋದ ಕಲ್ಲು ಕ್ವಾರಿಯ ನೀರು ಬಳಸಬಹುದೇ?

ಭೂಜಲ ತಜ್ಞೆ: ಮೊದಲು ಬೇಲಿ, ಆಮೇಲೆ ಪಂಪು. ಕಡಿದಾದ ಗೋಡೆಯಿಂದ ಜಾರಿದ ಮಕ್ಕಳಿಗೆ ಹತ್ತಲು ಜಾಗವಿರುವುದಿಲ್ಲ. ನೀರಿನ ಪರೀಕ್ಷೆಯೂ ಆಗಲಿ.

ಬಂಗಾರಪೇಟೆ ಸದಸ್ಯ: ಹಾಳೆ ಎಷ್ಟು ದಪ್ಪ?

ಭೂಜಲ ತಜ್ಞೆ: ಮೇಲೆ ಓದಿ.

ಕೆಜಿಎಫ್ ಸಮೀಪದ ರೈತ: ಮೇಡಂ, ಬಿರುಕು ಕಂಡಿಲ್ಲ. ಪರೀಕ್ಷೆಗೆ ನೀರು ಹೇಗೆ ಕೊಡಲಿ? ಮಳೆಗಾಲದಲ್ಲಿ ನಮ್ಮ ಎರಡು ಹಸುಗಳು ಅಲ್ಲೇ ಕುಡಿಯುತ್ತವೆ, ತೊಂದರೆ ಕಂಡಿಲ್ಲ.

ಭೂಜಲ ತಜ್ಞೆ: ಇದನ್ನು ಮೊದಲೇ ಹೇಳಬೇಕಿತ್ತು ಅಣ್ಣ. ಇವತ್ತೇ ಗುಂಡಿಗೆ ಮುಳ್ಳುಬೇಲಿ ಹಾಕಿ, ಹಸುಗಳಿಗೆ ಬೇರೆ ನೀರು ಕೊಡಿ. ಲೋಹ ಪರೀಕ್ಷೆಗೆ ಪ್ರಯೋಗಾಲಯದವರು ಆಮ್ಲ ಹಾಕಿದ ಬಾಟಲಿ ಕೊಡುತ್ತಾರೆ, ಅದರಲ್ಲೇ ತುಂಬಿಸಿ. ತಳದ ಮಣ್ಣನ್ನೂ ಕೊಡಿ. “ಆರ್ಸೆನಿಕ್” ಎಂದು ಬರೆಸಿ, ಸಾಮಾನ್ಯ ಕುಡಿಯುವ ನೀರಿನ ಕಿಟ್‌ನಲ್ಲಿ ಅದು ಗೊತ್ತಾಗುವುದಿಲ್ಲ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ವರದಿ ಬಂದ ದಿನ ಇಲ್ಲೇ ಹಾಕಿ, ಉಳಿದವರಿಗೆ ಆಮೇಲೆ ಉತ್ತರಿಸುತ್ತೇನೆ.