ತೋಟೆಯ ಬುಡದ ಕೇಪು ಚಪ್ಪಟೆಯಾದರೆ ಕೋವಿಯೊಳಗಿನ ಒತ್ತಡ ಮಿತಿ ದಾಟಿದ ಹಾಗಾ?

ಮಲ್ಪೆ_ಅಳಿವೆ:
ಅಣ್ಣ ಟೆಕ್ಸಾಸ್‌ನಲ್ಲಿ .308 ವಿಂಚೆಸ್ಟರ್ ರೈಫಲ್ ತೋಟೆ ತಾನೇ ತುಂಬುತ್ತಾನೆ. 168 ಗ್ರೇನ್ (ತೂಕದ ಸಣ್ಣ ಅಳತೆ) ಗುಂಡು, 20 ಇಂಚಿನ ನಳಿಗೆ. ತೋಟೆ ತುಂಬುವ ಲೆಕ್ಕದ ಪುಸ್ತಕದ ಗರಿಷ್ಠಕ್ಕೆ ಇನ್ನೂ 1.5 ಗ್ರೇನ್ ಮದ್ದು ಬಾಕಿ ಉಂಟು, ಆದರೆ ಕಳಿಸಿದ ಫೋಟೋದಲ್ಲಿ ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಚಪ್ಪಟೆ. ಬೋಲ್ಟ್ (ತೋಟೆಯ ಹಿಂದೆ ನಳಿಗೆ ಮುಚ್ಚುವ ಅಗುಳಿ) ಸಲೀಸಾಗಿ ಏಳುತ್ತದಂತೆ, ಅದು ಬಿಗಿಯಾಗುವವರೆಗೆ ಮದ್ದು ಹೆಚ್ಚಿಸ್ತಾನಂತೆ. ಗುಂಡಿನ ವೇಗ ಸೆಕೆಂಡಿಗೆ 2,670 ಅಡಿ. ಪುಸ್ತಕದಲ್ಲಿ 24 ಇಂಚಿನ ನಳಿಗೆಗೆ ಗರಿಷ್ಠ 2,680. ಮುಂದುವರಿಸಬಹುದಾ?

ಕಾಪು_ದೀಪ:
ಬರೀ ಕೇಪು ನೋಡಿ ಏನೂ ಹೇಳಲಿಕ್ಕಾಗದು. ಕೇಸನ್ನು (ತೋಟೆಯ ಹಿತ್ತಾಳೆ ಕವಚ) ಮತ್ತೆ ಅಳತೆಗೆ ತರುವ ಡೈಯಲ್ಲಿ (ಅಚ್ಚಿನಲ್ಲಿ) ಅದರ ಹೆಗಲನ್ನು ಅತಿಯಾಗಿ ಹಿಂದೆ ತಳ್ಳಿದ್ದರೆ ಸೌಮ್ಯ ಮದ್ದಿಗೂ ಕೇಪು ಚಪ್ಪಟೆಯಾಗ್ತದೆ: ಮೊದಲು ಕೇಪು ಹಿಂದೆ ಸರಿಯುತ್ತದೆ, ಆಮೇಲೆ ಕೇಸು ಹಿಗ್ಗಿ ಬಂದು ಅದನ್ನು ಬೋಲ್ಟಿಗೆ ಜಜ್ಜುತ್ತದೆ. ಕೆಲವು ಕೇಪಿನ ಲೋಹವೇ ಮೆತ್ತಗೆ. ಕೇಸಿನ ಬುಡದಲ್ಲಿ ಎಜೆಕ್ಟರ್ (ಖಾಲಿ ಕೇಸನ್ನು ಹೊರಗೆ ಎಸೆಯುವ ಕಡ್ಡಿ) ತೂತಿನ ಆಕಾರದ ಹೊಳೆಯುವ ಗುರುತು ಉಂಟಾ ನೋಡಿ. ಎರಡು ಮೂರು ಸಲ ಹಾರಿಸುವುದರೊಳಗೆ ಕೇಪು ಕೂರುವ ಗುಂಡಿ ಸಡಿಲವಾದರೆ ಅದೂ ಗಂಭೀರ.

ಬೋಲ್ಟ್ ಬಿಗಿಯಾಗುವವರೆಗೆ ಕಾಯುವುದು ಮಾತ್ರ ಬೇಡವೇ ಬೇಡ. .308ಕ್ಕೆ ಸಾಮಿಯ (SAAMI, ತೋಟೆಯ ಮಾನದಂಡ ಹೊರಡಿಸುವ ಅಮೆರಿಕದ ಸಂಸ್ಥೆ) ಮಿತಿ 62,000 ಪಿಎಸ್ಐ (ಚದರ ಇಂಚಿಗೆ ಪೌಂಡ್). ಹಿತ್ತಾಳೆಯ ಕೇಸು ಬೋಲ್ಟನ್ನು ಹಿಡಿಯುವ ಹೊತ್ತಿಗೆ ಆ ಮಿತಿ ಹಿಂದೆ ಬಿದ್ದಿರುತ್ತದೆ.

ತಡಂಬೈಲ್:
ಕೇಪು ಬಿಡಿ ಮಾರಾಯ್ರೇ, ವೇಗವೇ ಎಲ್ಲ ಹೇಳ್ತಾ ಉಂಟು! ನಳಿಗೆ ಇಂಚು ಗಿಡ್ಡವಾದಷ್ಟೂ ಸುಮಾರು 20–25 ಅಡಿ ವೇಗ ಇಳಿಯಬೇಕು. 4 ಇಂಚು ಕಡಿಮೆ ಅಂದ್ರೆ ಗರಿಷ್ಠ ಮದ್ದಿಗೂ 2,600ರ ಆಸುಪಾಸು. ನಿಮ್ಮಣ್ಣನಿಗೆ 1.5 ಗ್ರೇನ್ ಕಡಿಮೆ ಹಾಕಿಯೂ 2,670. ಅದೇ ಮದ್ದಿನಿಂದ ಪುಕ್ಕಟೆ ವೇಗ ಬರುವುದಿಲ್ಲ, ಒತ್ತಡ ಏರಿದ್ದಕ್ಕೇ ಬಂದದ್ದು. ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಸರಿ ಉಂಟಾ ಅಂತ ಕಾರ್ಖಾನೆ ತೋಟೆ ಹಾರಿಸಿ ನೋಡಲಿ. ಕೇಸು ಯಾವುದು?

ಮಲ್ಪೆ_ಅಳಿವೆ:
ಸೈನ್ಯದ 7.62ರ ಹಳೇ ಕೇಸು. ಪುಸ್ತಕದಲ್ಲಿ ಬೇರೆ ಕಂಪನಿಯದ್ದು.

ತಡಂಬೈಲ್:
ಅದೇ ಇರಬೇಕು. ಸೈನ್ಯದ ಕೇಸಿನ ಗೋಡೆ ಹೆಚ್ಚಾಗಿ ದಪ್ಪ, ಒಳಗೆ ಜಾಗ ಕಡಿಮೆ. ಹಾರಿಸಿದ ಕೇಸನ್ನು ಹಳೇ ಕೇಪಿನ ಸಮೇತ ಖಾಲಿ ತೂಗಿ, ಬಾಯಿಯ ತನಕ ನೀರು ತುಂಬಿಸಿ ಮತ್ತೆ ತೂಗಲಿ. ಎರಡೂ ಬಗೆಯ ಕೇಸಿಗೆ ಹೀಗೆ ಮಾಡಿದರೆ ವ್ಯತ್ಯಾಸ ಕಾಣ್ತದೆ. ಒಂದೆರಡು ಗ್ರೇನ್ ನೀರು ಕಡಿಮೆ ಹಿಡಿದರೂ ಒತ್ತಡದಲ್ಲಿ ಸಣ್ಣ ಮಾತಲ್ಲ. ಗುಂಡು ನಳಿಗೆಯೊಳಗಿನ ಸುರುಳಿ ಏಣುಗಳಿಗೆ (ರೈಫ್ಲಿಂಗ್) ತಾಗಿ ಕೂತಿದೆಯಾ ಅದೂ ನೋಡಲಿ, ತಾಗಿದರೂ ಒತ್ತಡ ಏರುತ್ತದೆ. ಕೇಸು, ಕೇಪು, ಗುಂಡು, ಮದ್ದು, ಯಾವುದು ಬದಲಾದರೂ ಗರಿಷ್ಠಕ್ಕಿಂತ 10% ಕೆಳಗಿನಿಂದ ಶುರು. ಮತ್ತೆ 0.3 ಗ್ರೇನಿನಂತೆ ಮೇಲೆ. ಪುಸ್ತಕದ ಪ್ರಕಾರ ಆ ನಳಿಗೆಗೆ ಬರಬೇಕಾದ ವೇಗ ಬಂತೋ, ಅಲ್ಲಿಗೆ ನಿಲ್ಲಿಸುವುದು.

ಕಾಪು_ದೀಪ:
ಬಿಸಿಲಿನ ಲೆಕ್ಕವೂ ಇರಲಿ. ಚಳಿಯಲ್ಲಿ ಸರಿಯಿದ್ದ ತೋಟೆ ಬೇಸಗೆಯಲ್ಲಿ ಮುಚ್ಚಿದ ಕಾರಿನೊಳಗೆ ಕಾದರೆ ಒತ್ತಡ ಹೆಚ್ಚು. ಮದ್ದಿನ ಡಬ್ಬಿ ತೆರೆದಿಟ್ಟರೂ ತೊಂದರೆ: ತೇವ ಹೀರಿದ ಮದ್ದು ನಿಧಾನ ಉರಿಯುತ್ತದೆ, ಎಸಿ ರೂಮಲ್ಲಿ ಒಣಗಿದ್ದು ಬೇಗ. ನಮ್ಮ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವ ಹಾಗೆಯೇ.

ಇದನ್ನು ಓದಿ ಇಲ್ಲಿ ಮನೆಯಲ್ಲಿ ಶುರು ಮಾಡಬೇಡಿ. ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಕೋವಿಯ ಲೈಸನ್ಸ್ ಬೇರೆ, ಅದು ಬೇರೆ.

ಮಲ್ಪೆ_ಅಳಿವೆ:
ಈಗಾಗಲೇ ತುಂಬಿಟ್ಟ 40 ತೋಟೆ?

ತಡಂಬೈಲ್:
ಹಾರಿಸುವುದು ಬೇಡ. ಕಾಲೆಟ್ ಪುಲ್ಲರಿನಲ್ಲಿ (ಗುಂಡನ್ನು ಹಿಡಿದು ಎಳೆಯುವ ಸಾಧನ) ಗುಂಡು ಎಳೆದು ತೆಗೆಯಲಿ. ಮದ್ದು ಯಾವುದೆಂದು ಖಾತ್ರಿ ಇದ್ದರೆ ಮಾತ್ರ ಅದರದ್ದೇ ಡಬ್ಬಿಗೆ ವಾಪಸ್, ಸ್ವಲ್ಪ ಸಂಶಯ ಬಂದರೂ ಬಳಸಬಾರದು.