ಅಪ್‌ಡೇಟ್: ಹೆಬ್ಬಲಸಿನ ದಪ್ಪ ಹಲಗೆ ಕೊನೆಗೂ ಒಣಗಿತು
ಉಡುಪಿಯಿಂದ ಕೇಳಿದ್ದೆನಲ್ಲ, ಮೂರು ಇಂಚು ದಪ್ಪದ ಹೆಬ್ಬಲಸಿನ ಹಲಗೆಗಳು ಕಿಲ್ನ್‌ನಲ್ಲಿ (ಮರ ಒಣಗಿಸುವ ಬಿಸಿ ಕೋಣೆ) ಸೀಳುತ್ತಿವೆ ಅಂತ. ತಪ್ಪು ನನ್ನದೇ. ಹಸಿ ಮರವನ್ನು ನೇರ 60 ಡಿಗ್ರಿಗೆ ಹಾಕಿದ್ದೆ. ಹೊರಮೈ ಒಣಗಿ ಕುಗ್ಗಲು ನೋಡುತ್ತದೆ, ಒಳಗೆ ಇನ್ನೂ ನೀರು, ಸೀಳದೆ ಇನ್ನೇನು? ಈ ಸಲ ನೀವೆಲ್ಲ ಹೇಳಿದ ಹಾಗೆ ತುದಿಗಳಿಗೆ ಮೇಣ ಬಳಿದು, ಗಾಳಿಯಾಡಲು ನಡುನಡುವೆ ರೀಪು (ತೆಳು ಮರದ ಪಟ್ಟಿ) ಕೊಟ್ಟು ಅಟ್ಟಿ ಹಾಕಿ, ಶೆಡ್ಡಿನ ನೆರಳಲ್ಲಿ ಒಂದು ವರ್ಷ ಸುಮ್ನೆ ಬಿಟ್ಟೆ. ಮಳೆಗಾಲದಲ್ಲಂತೂ ತೇವ ಅಳೆಯುವ ಮೀಟರ್ ಅಲುಗಾಡಲೇ ಇಲ್ಲ, ನಮ್ಮ ಕರಾವಳಿ ಗಾಳಿ ಗೊತ್ತಲ್ವಾ! ತೇವಾಂಶ ಶೇ. 22ಕ್ಕೆ ಇಳಿದ ಮೇಲೆಯೇ ಕಿಲ್ನ್, ಅದೂ 40 ಡಿಗ್ರಿಯಿಂದ ನಿಧಾನಕ್ಕೆ. ಈಗ ಶೇ. 12. ಕೊನೆಗೆ ಸ್ವಲ್ಪ ಆವಿ ಕೊಟ್ಟಿದ್ದರಿಂದ ಒಳಗಿನ ಬಿಗಿ ಸಡಿಲವಾಯಿತು, ಕೊಯ್ಯುವಾಗ ಗರಗಸ ಸಿಕ್ಕಿಕೊಳ್ಳಲಿಲ್ಲ. ಎರಡು ಹಲಗೆಗೆ ಮಾತ್ರ ತುದಿಯಲ್ಲಿ ಬಿರುಕು. ಅವನ್ನು ಮಣೆ ಮಾಡಿಸುತ್ತೇನೆ.