'ಇಶ್ ಬಿನ್ ಐನ್ ಕ್ರಾಂಕನ್‌ಪ್ಫ್ಲೇಗರ್' ಯಾಕೆ ಸರಿ ಅಲ್ಲ? ಜರ್ಮನ್‌ನಲ್ಲಿ ನರ್ಸ್ ಕೆಲಸದ ಹೆಸರು: ಲಿಂಗ, ವಿಭಕ್ತಿ, ಬಳಕೆ

ಮಂಗಳೂರು_ನರ್ಸ್:
ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಮುಗಿಸಿ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದೇನೆ. ಜರ್ಮನಿಗೆ ಹೋಗುವ ಯೋಚನೆ ಇದೆ. ಈಗ ಜರ್ಮನ್ ಭಾಷೆಯ ಬಿ1 ಹಂತದ (ಮಧ್ಯಮ ಮಟ್ಟ) ಕ್ಲಾಸ್ ನಡೆಯುತ್ತಿದೆ. ನನ್ನ ಬಗ್ಗೆ ಬರೆದು ಕೊಟ್ಟದ್ದರಲ್ಲಿ ಈ ನಾಲ್ಕು ವಾಕ್ಯಗಳಿಗೆ ಕೆಂಪು ಗೆರೆ ಬಿದ್ದಿದೆ:

ಇಶ್ ಬಿನ್ ಐನ್ ಕ್ರಾಂಕನ್‌ಪ್ಫ್ಲೇಗರ್.
ಇಶ್ ಆರ್ಬೈಟೆ ವೀ ಐನ್ ಕ್ರಾಂಕನ್‌ಪ್ಫ್ಲೇಗರ್.
ಇಶ್ ಹೆಲ್ಫೆ ದೇಮ್ ಪತ್ಸಿಯೆಂಟ್.
ಇಶ್ ರೂಫೆ ದೇಮ್ ಆರ್ತ್ಸ್ಟ್ ಆನ್.

ಗೆರೆ ಎಳೆದಿದ್ದಾರೆ, ಕಾರಣ ಬರೆದಿಲ್ಲ. ಇನ್ನೊಂದು ಗೊಂದಲವೂ ಇದೆ. ಹಳೆಯ ಪುಸ್ತಕದಲ್ಲಿ 'ಕ್ರಾಂಕನ್‌ಶ್ವೆಸ್ಟರ್' ಅಂತ ಇದೆ. ಕೆಲಸದ ಜಾಹೀರಾತುಗಳಲ್ಲಿ 'ಪ್ಫ್ಲೇಗೆಫಖ್‌ಮನ್', 'ಪ್ಫ್ಲೇಗೆಫಖ್‌ಕ್ರಾಫ್ಟ್' ಅಂತ ಬರುತ್ತದೆ. ಕೊನೆಯದಕ್ಕೆ ನಿಘಂಟಿನಲ್ಲಿ 'ದೀ' ಅಂತ ಕೊಟ್ಟಿದ್ದಾರೆ. ನಾನು ಗಂಡಸು, ನನಗೆ ಸ್ತ್ರೀಲಿಂಗ ಹೇಗೆ ಬರುತ್ತದೆ?

ಲೈಪ್‌ಜಿಗ್_ಅಕ್ಕ:
ನಾನು ಇಲ್ಲಿ ಜರ್ಮನಿಯಲ್ಲಿ ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡುವವಳು. ಮೊದಲು ಹೆಸರುಗಳನ್ನು ಬಿಡಿಸಿ ಹೇಳುತ್ತೇನೆ. ಇದು ಸರಿಯಾದರೆ ವ್ಯಾಕರಣ ಅರ್ಧ ಸಲೀಸು.

'ಕ್ರಾಂಕನ್‌ಶ್ವೆಸ್ಟರ್' ಹಳೆಯ ಹೆಸರು, ಹೆಂಗಸರಿಗೆ ಮಾತ್ರ. 2004ರ ಕಾನೂನಿನಿಂದ ಅಧಿಕೃತ ಹೆಸರು 'ಗೆಸುಂಟ್‌ಹೈಟ್ಸ್ ಉಂಟ್ ಕ್ರಾಂಕನ್‌ಪ್ಫ್ಲೇಗರ್' ಆಯಿತು, ಹೆಂಗಸರಿಗೆ 'ಪ್ಫ್ಲೇಗರಿನ್'. 2020ರ ಜನವರಿಯಿಂದ ಹೊಸ ಕಾನೂನು ಬಂತು. ಈಗ ಗಂಡಸರಿಗೆ 'ಪ್ಫ್ಲೇಗೆಫಖ್‌ಮನ್', ಹೆಂಗಸರಿಗೆ 'ಪ್ಫ್ಲೇಗೆಫಖ್‌ಫ್ರೌ'. 2025ರಿಂದ ಬೇಕಿದ್ದವರು 'ಪ್ಫ್ಲೇಗೆಫಖ್‌ಪೆರ್ಜೋನ್' ಅಂತಲೂ ಆರಿಸಿಕೊಳ್ಳಬಹುದು. ಹಳೆಯ ಹೆಸರುಗಳು ಮಾತಿನಲ್ಲಿ ಇನ್ನೂ ಜೀವಂತ ಇವೆ. ನಮ್ಮ ಊರಿನ ಆಸ್ಪತ್ರೆಗಳಲ್ಲಿ 'ಸಿಸ್ಟರ್' ಅಂತ ಕರೆಯುತ್ತಾರಲ್ಲ, ಇಲ್ಲಿನ ವಯಸ್ಸಾದ ರೋಗಿಗಳೂ ಹಾಗೇ 'ಶ್ವೆಸ್ಟರ್' ಅನ್ನುತ್ತಾರೆ.

ಈಗ ಲಿಂಗದ ವಿಷಯ. ಪದದ ಮುಂದೆ ಪುಲ್ಲಿಂಗಕ್ಕೆ 'ದೇರ್', ಸ್ತ್ರೀಲಿಂಗಕ್ಕೆ 'ದೀ', ನಪುಂಸಕಕ್ಕೆ 'ದಾಸ್' ಬರುತ್ತದೆ. ಎರಡು ಮೂರು ಪದ ಸೇರಿ ಒಂದಾದಾಗ ಕೊನೆಯ ಪದದ್ದೇ ಲಿಂಗ. 'ದೀ ಪ್ಫ್ಲೇಗೆ', 'ದಾಸ್ ಫಖ್', 'ದೇರ್ ಮನ್' ಸೇರಿದರೆ 'ದೇರ್ ಪ್ಫ್ಲೇಗೆಫಖ್‌ಮನ್'. ಕೊನೆಯಲ್ಲಿ 'ಕ್ರಾಫ್ಟ್' ಬಂದರೆ 'ದೀ', ಯಾಕೆಂದರೆ ಕ್ರಾಫ್ಟ್ ಸ್ತ್ರೀಲಿಂಗ. ಕನ್ನಡದಲ್ಲಿ ನಾವು ಆ ವ್ಯಕ್ತಿ ಯಾರು ಅಂತ ನೋಡಿ ಲಿಂಗ ಹೇಳುತ್ತೇವೆ. ಜರ್ಮನ್‌ನಲ್ಲಿ ಪದವನ್ನು ನೋಡಬೇಕು. ಹಾಗಾಗಿ ನಿಮ್ಮ ಬಗ್ಗೆ 'ಎರ್ ಇಸ್ಟ್ ಐನೆ ಎರ್‌ಫಾರೆನೆ ಪ್ಫ್ಲೇಗೆಫಖ್‌ಕ್ರಾಫ್ಟ್' (ಅವನು ಒಬ್ಬ ಅನುಭವಿ ನರ್ಸ್) ಅಂತ ಬರೆದರೆ ಅದು ಪೂರ್ತಿ ಸರಿ. 'ಎರ್' ನಿಮ್ಮ ಲಿಂಗ, 'ಐನೆ' ಪದದ ಲಿಂಗ. ಒಂದೇ ವಾಕ್ಯದಲ್ಲಿ ಎರಡೂ ಜಗಳವಿಲ್ಲದೆ ಇರುತ್ತವೆ.

ಬಹುವಚನ ಹೀಗೆ. ಪ್ಫ್ಲೇಗರ್ ಇದ್ದ ಹಾಗೇ ಉಳಿಯುತ್ತದೆ, 'ದೀ ಪ್ಫ್ಲೇಗರ್'. ಪ್ಫ್ಲೇಗರಿನ್ ಇದ್ದದ್ದು ಪ್ಫ್ಲೇಗರಿನನ್. ಕ್ರಾಫ್ಟ್ ಇದ್ದದ್ದು ಕ್ರೆಫ್ಟೆ. ಬರೀ ಗಂಡಸರಾದರೆ 'ಫಖ್‌ಮೆನರ್', ಎಲ್ಲರೂ ಸೇರಿದ್ದರೆ 'ಫಖ್‌ಲಾಯ್ಟೆ'.

ಧಾರವಾಡ_ಜರ್ಮನ್_ಮೇಷ್ಟ್ರು:
ಅಕ್ಕನವರು ಹೆಸರು ಹೇಳಿದ್ದಾರೆ, ನಾನು ಆ ನಾಲ್ಕು ವಾಕ್ಯ ನೋಡುತ್ತೇನೆ.

ಮೊದಲನೆಯದು. ನಮ್ಮವರು ಇಂಗ್ಲಿಷಿನಲ್ಲಿ ಯೋಚಿಸಿ ಜರ್ಮನ್ ಬರೆಯುವುದರಿಂದ ಆ 'ಐನ್' (ಇಂಗ್ಲಿಷಿನ 'ಎ' ಥರ, ಅಂದರೆ 'ಒಬ್ಬ') ನುಸುಳುತ್ತದೆ. ಕನ್ನಡದಲ್ಲಿ 'ನಾನು ನರ್ಸ್' ಅಂದರೆ ಮುಗಿಯಿತು, ಅಲ್ವಾ? ಜರ್ಮನ್‌ನಲ್ಲೂ ಅಷ್ಟೇ: 'ಇಶ್ ಬಿನ್ ಕ್ರಾಂಕನ್‌ಪ್ಫ್ಲೇಗರ್'. 'ಐನ್' ಹಾಕಿದರೆ ಅರ್ಥ ಕೆಡುವುದಿಲ್ಲ, ಆದರೆ ಕೆಲಸ ಏನು ಅಂತ ಹೇಳುವಾಗ ಅಲ್ಲಿನವರು ಹಾಗೆ ಹೇಳುವುದಿಲ್ಲ. ಮುಂದೆ ಒಂದು ವಿಶೇಷಣ ಬಂದರೆ ಮಾತ್ರ ಅದು ವಾಪಸ್ ಬರಬೇಕು: 'ಇಶ್ ಬಿನ್ ಐನ್ ಗೂಟರ್ ಕ್ರಾಂಕನ್‌ಪ್ಫ್ಲೇಗರ್' (ನಾನು ಒಬ್ಬ ಒಳ್ಳೆಯ ನರ್ಸ್).

ಎರಡನೆಯದರಲ್ಲಿ 'ವೀ' ತೆಗೆದು 'ಆಲ್ಸ್' ಹಾಕಿ, 'ಐನ್' ಕೂಡ ತೆಗೆಯಿರಿ. 'ಆಲ್ಸ್' ಅಂದರೆ ನಮ್ಮ 'ಆಗಿ'. 'ವೀ' ಅಂದರೆ 'ಹಾಗೆ'. ನೀವು ಬರೆದದ್ದಕ್ಕೆ 'ನಾನು ನರ್ಸ್ ಥರ ಕೆಲಸ ಮಾಡುತ್ತೇನೆ' ಅಂತ ಅರ್ಥ ಬರುತ್ತದೆ. ಇಂಟರ್ವ್ಯೂನಲ್ಲಿ ಇದು ಬಹಳ ದೊಡ್ಡ ವ್ಯತ್ಯಾಸ.

ಮೂರನೆಯದರಲ್ಲಿ ವಿಭಕ್ತಿ ಸರಿ ಇದೆ. 'ಹೆಲ್ಫನ್' ಕ್ರಿಯಾಪದಕ್ಕೆ ಚತುರ್ಥಿ ಬೇಕು. ನಾವೂ 'ರೋಗಿಗೆ ಸಹಾಯ' ಅಂತಲೇ ಹೇಳುವುದು. ಬಿಟ್ಟುಹೋದದ್ದು ಪದದ ಬಾಲ. ಪತ್ಸಿಯೆಂಟ್ ಒಂದು ಬೇರೆ ಜಾತಿಯ ಪುಲ್ಲಿಂಗ ಪದ. ಪ್ರಥಮಾ ಏಕವಚನ ಬಿಟ್ಟರೆ ಎಲ್ಲ ಕಡೆ 'ಎನ್' ಅಂಟಿಕೊಳ್ಳುತ್ತದೆ: ದೇನ್ ಪತ್ಸಿಯೆಂಟನ್, ದೇಮ್ ಪತ್ಸಿಯೆಂಟನ್, ದೆಸ್ ಪತ್ಸಿಯೆಂಟನ್. ಕೊಲೇಗೆ, ಪ್ರಾಕ್ಟಿಕಾಂಟ್, ಅಸಿಸ್ಟೆಂಟ್, ಪೊಲಿತ್ಸಿಸ್ಟ್, ಆರ್ಕಿಟೆಕ್ಟ್, ಪ್ಸುಖೊಲೋಗೆ ಎಲ್ಲ ಇದೇ ಗುಂಪು. ಕೆಲಸದ ಹೆಸರು 'ಎಂಟ್', 'ಇಸ್ಟ್', 'ಆಂಟ್', 'ಲೋಗೆ' ಅಂತ ಮುಗಿದರೆ ಈ ಬಾಲ ಗ್ಯಾರಂಟಿ. ಪ್ಫ್ಲೇಗರ್, ಮನ್, ಆರ್ತ್ಸ್ಟ್ ಈ ಗುಂಪಿನವಲ್ಲ. ಹೆಣ್ಣಾದರೆ ತಲೆನೋವೇ ಇಲ್ಲ, 'ದೇರ್ ಪತ್ಸಿಯೆಂಟಿನ್' ಅಂದರೆ ಸಾಕು (ಸ್ತ್ರೀಲಿಂಗದ 'ದೀ' ಚತುರ್ಥಿಯಲ್ಲಿ 'ದೇರ್' ಆಗುತ್ತದೆ).

ನಾಲ್ಕನೆಯದರಲ್ಲಿ ಕನ್ನಡವೇ ಅಡ್ಡ ಬಂದಿದೆ. ನಾವು 'ಡಾಕ್ಟರಿಗೆ ಫೋನ್ ಮಾಡುತ್ತೇನೆ' ಅನ್ನುತ್ತೇವೆ, ಆ 'ಗೆ' ನೋಡಿ ನೀವು 'ದೇಮ್' ಹಾಕಿದ್ದೀರಿ. ಆದರೆ 'ಆನ್‌ರೂಫನ್' ದ್ವಿತೀಯಾ ಕೇಳುತ್ತದೆ: 'ಇಶ್ ರೂಫೆ ದೇನ್ ಆರ್ತ್ಸ್ಟ್ ಆನ್'. ಆದ್ದರಿಂದ ಕ್ರಿಯಾಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ. ದೇನ್ ಆರ್ತ್ಸ್ಟ್ ಆನ್‌ರೂಫನ್, ದೇಮ್ ಪತ್ಸಿಯೆಂಟನ್ ಹೆಲ್ಫನ್ ಅಂತ ಜೊತೆಯಾಗಿಯೇ ಕಲಿಯಿರಿ. ನನ್ನ ಕ್ಲಾಸಿನಲ್ಲಿ ಪಟ್ಟಿಗಿಂತ ಇದೇ ಜಾಸ್ತಿ ನೆನಪಿನಲ್ಲಿ ಉಳಿಯುವುದನ್ನು ನೋಡಿದ್ದೇನೆ.

ಹುಬ್ಬಳ್ಳಿ_ಎ2:
ಮಧ್ಯೆ ಒಂದು ಪ್ರಶ್ನೆ ಸರ್. ಜಾಹೀರಾತಿನಲ್ಲಿ 'ಪ್ಫ್ಲೇಗೆಫಖ್‌ಮನ್' ಅಂತ ಬರೆದು ಪಕ್ಕದಲ್ಲಿ ಎಮ್, ವೇ, ಡೇ ಅಂತ ಮೂರು ಅಕ್ಷರ ಹಾಕಿರುತ್ತಾರೆ. ನಾನು ಹುಡುಗಿ. ಅರ್ಜಿ ಹಾಕಬಹುದಾ?

ಲೈಪ್‌ಜಿಗ್_ಅಕ್ಕ:
ಧಾರಾಳವಾಗಿ ಹಾಕಮ್ಮ. ಮೆನ್‌ಲಿಶ್, ವೈಬ್‌ಲಿಶ್, ಡಿವೆರ್ಸ್ ಅಂತ ಅದರ ಅರ್ಥ, ಅಂದರೆ ಗಂಡು, ಹೆಣ್ಣು, ಎರಡೂ ಅಲ್ಲದವರು. 2018ರ ಕೊನೆಗೆ ಮೂರನೆಯದಕ್ಕೂ ಕಾನೂನಿನ ಮಾನ್ಯತೆ ಸಿಕ್ಕಿತು. ನೀನು ಬರೆಯುವಾಗ ಮಾತ್ರ 'ಪ್ಫ್ಲೇಗೆಫಖ್‌ಫ್ರೌ' ಅಂತಲೇ ಬರಿ. ಎಲ್ಲರನ್ನೂ ಒಂದೇ ಪದದಲ್ಲಿ ಸೇರಿಸಲು ಕೆಲವರು 'ಪ್ಫ್ಲೇಗರ್' ಆದಮೇಲೆ ನಕ್ಷತ್ರ ಅಥವಾ ಎರಡು ಚುಕ್ಕಿ ಹಾಕಿ 'ಇನನ್' ಸೇರಿಸುತ್ತಾರೆ. ಪರೀಕ್ಷೆಯಲ್ಲಿ ಅದು ಬೇಡ, 'ಪ್ಫ್ಲೇಗರಿನನ್ ಉಂಟ್ ಪ್ಫ್ಲೇಗರ್' ಅಂತ ಎರಡನ್ನೂ ಬಿಡಿಸಿ ಬರಿ. ಬವೇರಿಯಾದಲ್ಲಂತೂ 2024ರ ಏಪ್ರಿಲ್‌ನಿಂದ ಸರ್ಕಾರಿ ಕಚೇರಿ, ಶಾಲೆಗಳಲ್ಲಿ ಆ ಚಿಹ್ನೆಗಳಿಗೆ ನಿಷೇಧವಿದೆ.

ಮಂಗಳೂರಿನವರಿಗೆ ಒಂದು ಮುಖ್ಯ ಮಾತು. 'ಪ್ಫ್ಲೇಗೆಫಖ್‌ಮನ್' ಸುಮ್ನೆ ಒಂದು ಪದ ಅಲ್ಲ ತಮ್ಮಾ. ಅನುಮತಿ ಪತ್ರ ಕೈಗೆ ಬರುವ ತನಕ ಆ ಹೆಸರನ್ನು ತಮ್ಮದು ಅಂತ ಹೇಳಿಕೊಳ್ಳಲು ಕಾನೂನು ಬಿಡುವುದಿಲ್ಲ. ನಿಮ್ಮ ಡಿಗ್ರಿಯ ಮಾನ್ಯತೆಗೆ ಸಾಮಾನ್ಯವಾಗಿ ಭಾಷೆಯಲ್ಲಿ ಬಿ1ರ ಮುಂದಿನ ಹಂತವಾದ ಬಿ2 ಕೇಳುತ್ತಾರೆ. ಅಲ್ಲಿಯವರೆಗೆ ಬಯೋಡೇಟಾದಲ್ಲಿ ನಿಮ್ಮ ಡಿಗ್ರಿಯ ಹೆಸರು ಇದ್ದ ಹಾಗೆ ಬರೆದು ಮುಂದೆ 'ಇಂಡಿಯನ್' (ಭಾರತಕ್ಕೆ ಜರ್ಮನ್ ಹೆಸರು) ಅಂತ ಸೇರಿಸಿ. ಇಲ್ಲಿಗೆ ಬಂದು ಮಾನ್ಯತೆಗೆ ಕಾಯುವವರನ್ನು 'ಪ್ಫ್ಲೇಗೆಫಖ್‌ಕ್ರಾಫ್ಟ್ ಇನ್ ಆನ್‌ಎರ್‌ಕೆನುಂಗ್' ಅನ್ನುವುದು ರೂಢಿ.

ಮಂಗಳೂರು_ನರ್ಸ್:
ಅಕ್ಕ, ಸರ್, ಇಬ್ಬರಿಗೂ ಧನ್ಯವಾದ. 'ಆಗಿ', 'ಹಾಗೆ' ಅಂದದ್ದು ತಕ್ಷಣ ತಲೆಗೆ ಹೋಯಿತು. ತಿದ್ದಿ ಬರೆದಿದ್ದೇನೆ, ನೋಡುತ್ತೀರಾ?

ಇಶ್ ಬಿನ್ ಕ್ರಾಂಕನ್‌ಪ್ಫ್ಲೇಗರ್ ಔಸ್ ಇಂಡಿಯನ್. ಇಶ್ ಆರ್ಬೈಟೆ ಔಫ್ ಐನರ್ ಇಂಟೆನ್‌ಸೀಫ್‌ಶ್ಟಾತ್ಸಿಯೋನ್. ಇಶ್ ಹೆಲ್ಫೆ ದೇನ್ ಪತ್ಸಿಯೆಂಟನ್ ಉಂಟ್ ರೂಫೆ ದೇನ್ ಆರ್ತ್ಸ್ಟ್ ಆನ್.

ಇಂಟೆನ್‌ಸೀಫ್‌ಶ್ಟಾತ್ಸಿಯೋನ್ ಅಂದರೆ ಐಸಿಯು. ಒಂದು ಅನುಮಾನ. ಎಲ್ಲ ರೋಗಿಗಳು ಅನ್ನುವ ಅರ್ಥದಲ್ಲಿ 'ದೇನ್ ಪತ್ಸಿಯೆಂಟನ್' ಬರೆದೆ. ಅದು ಏಕವಚನದ ದ್ವಿತೀಯಾ ಥರವೇ ಇದೆಯಲ್ಲ, ಓದುವವರಿಗೆ ಗೊಂದಲ ಆಗುವುದಿಲ್ಲವೇ?

ಧಾರವಾಡ_ಜರ್ಮನ್_ಮೇಷ್ಟ್ರು:
ಆಗುವುದಿಲ್ಲ, ನೀವು ಬರೆದದ್ದು ಸರಿ. ಎರಡರ ರೂಪ ಒಂದೇ, ಆದರೆ ಕ್ರಿಯಾಪದ ಬಿಡಿಸಿ ಹೇಳುತ್ತದೆ. 'ಹೆಲ್ಫನ್' ಚತುರ್ಥಿ ಕೇಳುವುದರಿಂದ ಇಲ್ಲಿ 'ದೇನ್' ಬಂದರೆ ಬಹುವಚನವೇ. 'ಇಶ್ ಫ್ರಾಗೆ ದೇನ್ ಪತ್ಸಿಯೆಂಟನ್' ಅಂದರೆ ಒಬ್ಬ ರೋಗಿಯನ್ನು ಕೇಳುತ್ತೇನೆ ಅಂತ. ಹಲವರನ್ನು ಕೇಳುವುದಾದರೆ 'ದೀ ಪತ್ಸಿಯೆಂಟನ್'. ಡಾಕ್ಟರ್ ಹೆಂಗಸಾದರೆ ಕೊನೆಯ ವಾಕ್ಯದಲ್ಲಿ 'ದೀ ಎರ್ತ್ಸ್ಟಿನ್' ಅಂತ ಬದಲಿಸಿ. ನಾಳೆ ಹೀಗೇ ಬರೆದು ಕ್ಲಾಸಿಗೆ ಒಪ್ಪಿಸಿ.